ಹೆಣ್ಣು ನೋಡಲು ಹೋಗಿ ಕಾದಂಬರಿ ನೋಡಿಕೊಂಡು ಬಂದದ್ದು

ಮೊನ್ನೆ ಭಾನುವಾರ ಹೊಸ ಮಿಕ್ಸಿಗೆ ಜಾಗ ಮಾಡಬೇಕೆಂದು ನಡುಮನೆಯ ಗೋಡೆ ಬೀರು ತೆಗೆದೆ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮದುವೆಯ ರೇಷ್ಮೆ ಸೀರೆ, ಯಾರೋ ಮುಯ್ಯಿ ಮಾಡಿದ್ದ, ಇನ್ನೂ ಡಬ್ಬಿಯಿಂದಲೇ ಹೊರಬಾರದ ಗೋಡೆ ಗಡಿಯಾರ, ಅದರ ಹಿಂದೆ ಎರಡು ದಪ್ಪ ಇಂಗ್ಲಿಷ್ ಕಾದಂಬರಿಗಳು. ಒಂದಕ್ಕೆ ಹಸಿರು ರಟ್ಟು, ಇನ್ನೊಂದಕ್ಕೆ ಕೆಂಪು ರಟ್ಟು.

ನನ್ನ ಹೆಂಡತಿ ಸುಜಾತ ಅಡುಗೆಮನೆಯಿಂದಲೇ ಕೂಗಿದಳು. "ಆ ಎರಡು ಇಟ್ಟಿಗೇನ ಹುಷಾರಾಗಿ ತೆಗೀರಿ. ಕಾಲ್ಮೇಲೆ ಬಿದ್ರೆ ಬೆರಳು ಹೋಗ್ತವೆ."

ಬೆರಳಿನ ಮಾತು ಬಿಡಿ. ಅವು ಒಮ್ಮೆ ನಮ್ಮ ಮದುವೆಯ ಮೇಲೇ ಬಿದ್ದಿದ್ದವು.

ಎರಡೂ ನೂರೈವತ್ತು ವರ್ಷದ ಹಿಂದೆ, ಇಂಗ್ಲೆಂಡಿನಲ್ಲಿ ಆ ಹಳೇ ರಾಣಿಯಮ್ಮ ಸಿಂಹಾಸನ ಬಿಟ್ಟು ಏಳದೆ ಕೂತಿದ್ದ ಕಾಲದಲ್ಲಿ ಬರೆದವು. ಹೆಸರು ಮಾತ್ರ ನನ್ನನ್ನು ಕೇಳಬೇಡಿ. ಹೇಳಿದರೆ ನೀವೂ ಒಂದರ ಪರವಾಗಿ ನಿಂತುಬಿಡುತ್ತೀರಿ. ಆಮೇಲೆ ನಿಮ್ಮನ್ನೂ ಯಾರಾದರೂ ಸಮಾಧಾನ ಮಾಡಬೇಕಾಗುತ್ತದೆ. ಆ ಕೆಲಸ ನನಗೆ ಒಂದು ಜನ್ಮಕ್ಕೆ ಸಾಕಾಗಿದೆ.

ಹಸಿರು ರಟ್ಟಿನದು ನಮ್ಮಪ್ಪನದು. ಅಪ್ಪ ಚಿತ್ರದುರ್ಗದಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದವರು. ಬೇಸಿಗೆಯಲ್ಲಿ ಬಂಡೆಗಳು ಸಂಜೆಯಾದರೂ ಹೆಂಚಿನ ಹಾಗೆ ಕಾಯುತ್ತಿರುವ ಊರಿನಲ್ಲಿ ಕೂತು ಅವರು ಜೀವಮಾನವಿಡೀ ಇಂಗ್ಲೆಂಡಿನ ಜಿಟಿಜಿಟಿ ಮಳೆಯನ್ನು ಪಾಠ ಮಾಡಿದರು. ನಮ್ಮ ಹಿತ್ತಲಿಗೆ ಬರುವ ಕೋತಿಗಳು ಕೂಡ ಆ ಕಾದಂಬರಿಯನ್ನು ಅರ್ಧ ಕೇಳಿವೆ. ಅದರಲ್ಲಿ ಚರ್ಚಿನ ಗಂಟೆ ಎರಕ ಹೊಯ್ಯುವ ಮನೆತನದ ಅಣ್ಣತಮ್ಮಂದಿರಿಬ್ಬರು ಯಾವುದೋ ಮಾತಿಗೆ ಮುನಿಸಿಕೊಳ್ಳುತ್ತಾರೆ. ಪುಸ್ತಕದ ಉದ್ದಕ್ಕೂ ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಅವರು ಮಾತಾಡದೆ ಉಳಿಸಿದ್ದನ್ನೆಲ್ಲ ಲೇಖಕ ಆಡುತ್ತಾನೆ.

ಇಷ್ಟಕ್ಕೂ ಮುನಿಸಿಕೊಂಡ ಅಣ್ಣತಮ್ಮಂದಿರನ್ನು ನೋಡಲು ನಮಗೆ ಇಂಗ್ಲೆಂಡೇ ಬೇಕಿರಲಿಲ್ಲ. ಹಿರಿಯೂರು ಕಡೆಯ ಹರಿಯಬ್ಬೆಯಲ್ಲಿ ಅಪ್ಪನ ಸ್ವಂತ ಅಣ್ಣ, ನನ್ನ ದೊಡ್ಡಪ್ಪ ಇದ್ದರು. ಹೊಲ ಪಾಲಾದಾಗ ಬಾವಿ ದೊಡ್ಡಪ್ಪನ ಕಡೆ ಹೋಯಿತು, ಬಾವಿಗೆ ಹೋಗುವ ದಾರಿ ಅಪ್ಪನ ಕಡೆ ಬಂತು. ಬಾವಿ ಇದ್ದವರಿಗೆ ದಾರಿಯಿಲ್ಲ, ದಾರಿ ಇದ್ದವರಿಗೆ ನೀರಿಲ್ಲ. ಇಷ್ಟು ಚೆನ್ನಾಗಿ ಪಾಲು ಮಾಡಿದ ಹಿರಿಯರು ಯಾರೋ, ಅವರಿಗೆ ನಮಸ್ಕಾರ. ಅವತ್ತು ನಿಂತ ಮಾತು ನಿಂತೇ ಹೋಯಿತು. ಅಜ್ಜಿಯ ವರ್ಷದ ಕಾರ್ಯವನ್ನೂ ಇಬ್ಬರೂ ಬೇರೆ ಬೇರೆ ದಿನ ಮಾಡಿದರು. ಪಾಪ, ಅಜ್ಜಿ ಎರಡು ಸಲ ಊಟಕ್ಕೆ ಬಂದಿರಬೇಕು.

ನಾನು ಸೇರಿದ್ದು ಸರ್ವೆ ಇಲಾಖೆಗೆ. ಹೊಳಲ್ಕೆರೆ ತಾಲ್ಲೂಕಿನ ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸುವ ಉದ್ಯೋಗ. ಊರ ಜಗಳವನ್ನೆಲ್ಲ ಅಳೆದುಕೊಡುವ ಮಗ ಮನೆಯ ಬಾವಿಯನ್ನು ಅಳೆಯಲಿಲ್ಲ ಎಂದು ಅವ್ವ ಆಗಾಗ ಚುಚ್ಚುತ್ತಿದ್ದಳು. ಅಪ್ಪನ ಮುಂದೆ ಹರಿಯಬ್ಬೆಯ ಹೆಸರೆತ್ತುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ನನಗೆ ಹೆಣ್ಣು ಹುಡುಕುವ ಹೊಣೆ ಹೊತ್ತವನು ಹಿರಿಯೂರಿನ ರುದ್ರೇಶ ಮಾವ, ಅವ್ವನ ತಮ್ಮ. ಶೇಂಗಾ ವ್ಯಾಪಾರ ಮಾಡುತ್ತಿದ್ದ. ಕಾಯಿ ಕೈಯಲ್ಲಿ ಅಲ್ಲಾಡಿಸಿಯೇ ಒಳಗಿನ ಬೀಜ ಹೇಗಿದೆ ಅಂತ ಹೇಳುತ್ತೇನೆ ಅನ್ನುವ ಆತ್ಮವಿಶ್ವಾಸದ ಮನುಷ್ಯ. ಅವನೇ ಹೊಸದುರ್ಗದ ಸಂಬಂಧ ತಂದ. ಹುಡುಗಿ ಬಾಗೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. "ಹುಡುಗಿಯಪ್ಪ ಪಂಚಾಕ್ಷರಪ್ಪ ಅಂತ, ಅವ್ರೂ ರಿಟೈರ್ಡ್ ಇಂಗ್ಲಿಷ್ ಲೆಕ್ಚರರ್ರು ಭಾವ! ನೀವಿಬ್ರೂ ಕುಂತ್ರೆ ಮಾತಿಗೆ ಬರ ಇರಲ್ಲ" ಎಂದು ಅಪ್ಪನನ್ನು ಹುರಿದುಂಬಿಸಿದ. ಮಾತಿಗೆ ಬರ ಬರಲಿಲ್ಲ, ನಿಜ.

ಹೊಸದುರ್ಗದ ಆ ಮನೆಯಲ್ಲಿ ಕೇಸರಿಬಾತು, ಖಾರಾಬಾತು ಬಂದವು. ಸುಜಾತ ಕಾಫಿ ತಂದಳು. ನಾನು ಶಾಸ್ತ್ರಪ್ರಕಾರ ನೆಲ ನೋಡುತ್ತ ಕೂತಿದ್ದೆ. ಅಪ್ಪ ಷೋಕೇಸು ನೋಡುತ್ತಿದ್ದರು. ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿ ಕೆಂಪು ರಟ್ಟಿನ ಕಾದಂಬರಿ ನಿಂತಿತ್ತು.

"ಇದನ್ನ ಇನ್ನೂ ಇಟ್ಕಂಡಿದೀರಾ?" ಅಂದರು ಅಪ್ಪ.

ಪಂಚಾಕ್ಷರಪ್ಪನವರ ಮುಖ ಅರಳಿತು. "ಯಾಕ್ರಿ, ನೀವೂ ಓದೀರಾ? ಏನ್ ಪುಸ್ತಕ ರೀ ಅದು! ಹಿಡಿದ್ರೆ ಕೆಳಗಿಡಂಗಿಲ್ಲ."

"ಬಸ್ ಕಾಯ್ತಾ ಓದಾಕೆ ಚಲೋ ಐತೆ."

ಪಂಚಾಕ್ಷರಪ್ಪನವರು ಲೋಟ ಕೆಳಗಿಟ್ಟರು. "ಹಂಗಾದ್ರೆ ತಮ್ಮ ಪ್ರಕಾರ ಒಳ್ಳೇದು ಯಾವ್ದು ಸಾರ್?"

ಅಪ್ಪ ಹಸಿರಿನ ಹೆಸರು ಹೇಳಿದರು. ಪಂಚಾಕ್ಷರಪ್ಪನವರು ನಕ್ಕರು. ಅದು ನಗಬಾರದ ನಗು. "ಓಹೋ, ಅದಾ? ಡಾಕ್ಟ್ರು ನಂಗೆ ನಿದ್ದೆ ಗುಳಿಗೆ ಬರ್ಕೊಟ್ಟಾಗ ಬ್ಯಾಡ ಅಂದು ಅದನ್ನೇ ಓದಿದ್ದೆ. ಗುಣ ಆತು."

ಆಮೇಲೆ ನಡೆದದ್ದು ಹೆಣ್ಣು ನೋಡುವ ಶಾಸ್ತ್ರಗಳ ಇತಿಹಾಸದಲ್ಲಿ ಎಲ್ಲೂ ನಡೆದಿರಲಾರದು. ಕೆಂಪಿನಲ್ಲಿ ಕುದುರೆಗಾಡಿಗಳು ತಂಗುವ ಛತ್ರ ನಡೆಸುವ ವಿಧವೆಯೊಬ್ಬಳಿದ್ದಾಳೆ. ಗಂಟುಮೂಟೆ ಏನೂ ಇಲ್ಲದ ಅಪರಿಚಿತನೊಬ್ಬ ಬಂದು ಸೇರುತ್ತಾನೆ. ಪ್ರತಿ ಅಧ್ಯಾಯದ ಕೊನೆಗೂ ಯಾರೋ ಬಾಗಿಲು ಬಡಿಯುತ್ತಾರೆ. ಅದು ಕಲೆಯೋ ಗಿಮಿಕ್ಕೋ ಎಂದು ಇಬ್ಬರು ನಿವೃತ್ತರು ಕೈ ಎತ್ತಿ ವಾದಿಸಿದರು. ಬಾಗಿಲು ಬಡಿಯುವುದನ್ನು ತೋರಿಸಲು ಅಪ್ಪ ಟೀಪಾಯಿ ಬಡಿದರು. ಕೇಸರಿಬಾತಿನ ತಟ್ಟೆ ಹಾರಿ ರುದ್ರೇಶ ಮಾವನ ಬಿಳಿ ಪಂಚೆಯ ಮೇಲೆ ಕೂತಿತು. ಅವ್ವ ಮತ್ತು ಹುಡುಗಿಯ ತಾಯಿ ಗಂಗಮ್ಮನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕಣ್ಣೆತ್ತಿ ಸುಜಾತಳನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ತೀರ್ಪು ಕೊಟ್ಟರು. "ಹುಡುಗಿ ಚಲೋ ಐತೆ. ಆದ್ರೆ ಆ ಮನೆ ಅಭಿರುಚಿ ಸರಿ ಇಲ್ಲ." ಜಾತಕ ಕೂಡದೆ ಮುರಿದ ಸಂಬಂಧ ನೋಡಿದ್ದೇನೆ, ವರದಕ್ಷಿಣೆಗೆ ಮುರಿದದ್ದು ನೋಡಿದ್ದೇನೆ. ನಮ್ಮದು ಬಹಳ ಘನವಾದ ಕಾರಣಕ್ಕೆ ಮುರಿಯುವುದರಲ್ಲಿತ್ತು. ಹೊಸದುರ್ಗದಿಂದಲೂ ಅದೇ ಸುದ್ದಿ ಬಂತು. ಆ ಪುಸ್ತಕ ಮೆಚ್ಚಿದವರ ಮನೆಗೆ ಹೋದರೆ ಮಗಳು ಬೇಜಾರಿಗೇ ಸೊರಗುತ್ತಾಳೆ ಅಂದರಂತೆ ಪಂಚಾಕ್ಷರಪ್ಪನವರು.

ಪಂಚೆಯ ಕಲೆ ಹೋಗದಿದ್ದರೂ ರುದ್ರೇಶ ಮಾವ ಕೈಬಿಡಲಿಲ್ಲ. ಎರಡೂ ಕಡೆ ಓಡಾಡಿ ಒಂದು ರಾಜಿಸೂತ್ರ ತಂದ. ಹುಡುಗ ಕೆಂಪು ಓದಲಿ, ಹುಡುಗಿ ಹಸಿರು ಓದಲಿ. ಹುಡುಗಿ ಚಿಕ್ಕಂದಿನಿಂದ ಅಪ್ಪನ ಬಾಯಲ್ಲಿ ಕೆಂಪು ಕೇಳಿಯೇ ಬೆಳೆದಿದ್ದಾಳೆ, ಹುಡುಗ ಹಸಿರು ಕೇಳಿ ಬೆಳೆದಿದ್ದಾನೆ. ಆಮೇಲೆ ಹಿರಿಯೂರಿನ ತನ್ನ ಮನೆಗೆ ಎಲ್ಲರೂ ಊಟಕ್ಕೆ ಬರಲಿ, ಯಾವುದು ಹೆಚ್ಚು ಹಿಡಿಸುತ್ತದೆ ಅಂತ ಇಬ್ಬರೂ ಹೇಳಲಿ. ತಮ್ಮ ಪುಸ್ತಕವೇ ಗೆಲ್ಲುವುದೆಂದು ಇಬ್ಬರು ಅಪ್ಪಂದಿರಿಗೂ ಅನುಮಾನವೇ ಇರಲಿಲ್ಲ, ಒಪ್ಪಿದರು. ಕಾದಂಬರಿಯ ವಿಷಯಕ್ಕೆ ಮಾತ್ರ ಫೋನ್ ಮಾಡಿಕೊಳ್ಳಬಹುದು ಎಂದು ನಮ್ಮಿಬ್ಬರಿಗೂ ಅನುಮತಿ ಸಿಕ್ಕಿತು. ವಿಶ್ವ ಸಾಹಿತ್ಯ ನನಗೆ ಮಾಡಿದ ಉಪಕಾರ ಇದೊಂದೇ.

"ಎಲ್ಲಿ ತನಕ ಬಂತು?" ಎಂದು ನಾನು ಕೇಳುತ್ತಿದ್ದೆ.

"ಗಂಟೆ ಅಚ್ಚಿಗೆ ಮಣ್ಣು ಕಲಸ್ತಾ ಅವ್ರೆ."

"ಹೋದ ವಾರನೂ ಅದನ್ನೇ ಕಲಸ್ತಿದ್ರಲ್ಲ?"

"ನಡುವೆ ಮಳೆ ಬಂತು ರೀ. ಮಳೇದೇ ಒಂದು ಅಧ್ಯಾಯ ಐತೆ. ಅದಾದ್ಮೇಲೆ ಮಳೆ ನಿಂತಿದ್ರ ಬಗ್ಗೆ ಇನ್ನೊಂದು ಅಧ್ಯಾಯ."

ಹೀಗೆ ನಗಿಸುತ್ತಿದ್ದವಳು ಒಂದು ದಿನ ಇದ್ದಕ್ಕಿದ್ದಂತೆ ಗಂಭೀರವಾದಳು. "ನಿಮಗೆ ಒಂದ್ಮಾತು ಹೇಳ್ತೀನಿ. ಹಿಂದೆ ನನ್ನ ನೋಡಾಕೆ ಬಂದೋರೊಬ್ರು ನಮ್ಮನೇಲಿ ಎಲ್ಲದಕ್ಕೂ ಹೂಂ ಅಂದು ಊರಿಗೆ ಹೋಗಿ ಬ್ಯಾಡ ಅಂದ್ರು. ಅವ್ರಪ್ಪಂಗೆ ಎದುರಾಡಾಕೆ ಆಗ್ಲಿಲ್ಲಂತೆ. ಹಿರಿಯೂರಾಗೆ ನೀವು ನಿಮ್ಮಪ್ಪಾರ ಮುಖ ನೋಡಿ ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗ್ತದೆ. ಆಗ ನಾನೇ ಬ್ಯಾಡ ಅಂತೀನಿ."

ನನ್ನ ಕಷ್ಟ ಶುರುವಾದದ್ದು ಇಲ್ಲಿ. ಕೆಂಪು ಪುಸ್ತಕ ಕೆಟ್ಟದಾಗಿದ್ದರೆ ಬದುಕಿಬಿಡುತ್ತಿದ್ದೆ. ಆದರೆ ಆ ಹಾಳಾದ್ದು ಬಹಳ ಚೆನ್ನಾಗಿತ್ತು. ತಾಳ್ಯದ ಹತ್ತಿರ ಒಂದು ಹೊಲ ಅಳೆಯಲು ಹೋಗಿದ್ದಾಗ ಎರಡು ಕಡೆಯವರೂ ಹಳೇ ಕಲ್ಲು ಎಲ್ಲಿತ್ತು ಅಂತ ಜಗಳಕ್ಕೆ ನಿಂತರು. ನಾನು ಹೊಂಗೆ ಮರದ ನೆರಳಿನಲ್ಲಿ ಕೂತು ಪುಸ್ತಕ ತೆಗೆದೆ. ವಿಧವೆ ಕೈಯಲ್ಲಿ ದೀಪ ಹಿಡಿದು ಬಾಗಿಲ ಕಡೆ ನಡೆಯುತ್ತಿದ್ದಳು.

"ಸಾರ್, ಅದು ಸರ್ವೆ ಕಾನೂನಾ?" ಎಂದು ಒಬ್ಬ ರೈತ ಭಯಭಕ್ತಿಯಿಂದ ಕೇಳಿದ.

"ಹೂಂ" ಅಂದೆ.

"ನಮ್ ಕೇಸಿಗೆ ಏನಂತ ಐತೆ ಸಾರ್?"

"ನೋಡ್ತಾ ಇದೀನಿ, ತಡೀರಿ."

ಅವರ ಜಗಳ ಮುಗಿದರೂ ನನ್ನ ಅಧ್ಯಾಯ ಮುಗಿಯಲಿಲ್ಲ. ಸರ್ಕಾರಿ ಸಾಹೇಬರು ಇಷ್ಟು ಹೊತ್ತು ಕಾನೂನು ಓದಿದ್ದು ನೋಡಿ ಎರಡು ಕಡೆಯವರೂ ಹೆದರಿ, ನಾನು ತೋರಿಸಿದ ಜಾಗಕ್ಕೆ ಒಪ್ಪಿಕೊಂಡರು. ನನ್ನ ಬಸ್ಸು ಹೋಗಿತ್ತು. ಪುಸ್ತಕವೊಂದು ಹಿಡಿಸುತ್ತದೋ ಇಲ್ಲವೋ ಎಂಬುದಕ್ಕೆ ವಿದ್ವಾಂಸರು ಏನೇನೋ ಮಾನದಂಡ ಹೇಳುತ್ತಾರೆ. ನನ್ನ ಮಾನದಂಡ ಹೊಳಲ್ಕೆರೆಗೆ ಹೋಗುವ ಬಸ್ಸು. ಹಸಿರು ಪುಸ್ತಕಕ್ಕಾಗಿ ಯಾರೂ ಬಸ್ಸು ತಪ್ಪಿಸಿಕೊಂಡದ್ದನ್ನು ನಾನು ಕೇಳಿಲ್ಲ. ನಿದ್ದೆ ಹೋಗಿ ಮುಂದಿನ ಊರಲ್ಲಿ ಇಳಿದವರು ಇರಬಹುದು.

ಹಿರಿಯೂರಿನ ಊಟದ ದಿನ ಬಂತು. ಹೋಳಿಗೆ, ಮಾವಿನಹಣ್ಣಿನ ಸೀಕರಣೆ. ಅಪ್ಪ ಹಸಿರನ್ನೂ ಪಂಚಾಕ್ಷರಪ್ಪನವರು ಕೆಂಪನ್ನೂ ನಮ್ಮಿಂದ ವಾಪಸ್ ಪಡೆದು, ತೊಡೆಯ ಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡ ಹಾಗೆ ಕೂರಿಸಿಕೊಂಡಿದ್ದರು. ರುದ್ರೇಶ ಮಾವ ಈ ಸಲ ಬಣ್ಣದ ಲುಂಗಿ ಉಟ್ಟು ತಟ್ಟೆಗಳಿಂದ ದೂರ ನಿಂತಿದ್ದ.

"ಹೇಳಪ್ಪ, ನಿಂದು ಮೊದ್ಲು" ಅಂದ.

ಅಪ್ಪ ನನ್ನನ್ನು ನೋಡಿದರು. ಆ ನೋಟದಲ್ಲಿ ನನ್ನ ಫೀಜು, ಬೈಸಿಕಲ್ಲು, ಟೈಫಾಯ್ಡಿನಲ್ಲಿ ನನ್ನ ಪಕ್ಕ ಕೂತ ದಿನಗಳು ಎಲ್ಲ ಇದ್ದವು. ಬಾಗಿಲ ಹತ್ತಿರ ನಿಂತ ಸುಜಾತಳ ಕಡೆ ನಾನು ನೋಡಲೇ ಇಲ್ಲ.

"ಕೆಂಪೇ" ಅಂದೆ. "ಅಪ್ಪಾಜಿ, ಹಸಿರು ದೊಡ್ಡ ಪುಸ್ತಕ ಇರಬೋದು. ಆದ್ರೆ ಮುಂದೇನಾಗ್ತದೆ ಅಂತ ನಂಗೆ ಅನ್ಸಿದ್ದು ಕೆಂಪಿನಾಗೆ."

ಪಂಚಾಕ್ಷರಪ್ಪನವರು ತೊಡೆ ತಟ್ಟಿದರು. ಅಪ್ಪ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಈಗ ನೀನು ಹೇಳವ್ವ" ಅಂದ ಮಾವ.

ಸುಜಾತ ಹೇಳಿದಳು. "ನಂಗೆ ಹಸಿರು."

ಪಂಚಾಕ್ಷರಪ್ಪನವರ ಕೈ ತೊಡೆಯ ಮೇಲೇ ನಿಂತಿತು.

"ಬೇಜಾರಾಗ್ತದೆ. ನಿದ್ದೆ ಬರ್ತದೆ. ಎರಡು ಸಲ ಮೂಲೆಗೆ ಎಸ್ದಿದೀನಿ. ಆದ್ರೆ ಆ ತಮ್ಮ ಅಣ್ಣನ ಬಾಗಿಲ ತನಕ ಬಂದು ವಾಪಸ್ ಹೋಗ್ತಾನಲ್ಲ, ಅವ್ನು ಕ್ಲಾಸಿನಾಗೂ ತಲೇಲಿ ಬರ್ತಾನೆ. ಬೋರ್ಡ್ ಮೇಲೆ ಲೆಕ್ಕ ತಪ್ಪು ಬರೆದೆ. ಕೆಂಪು ಮುಗಿದ್ಮೇಲೆ ಮುಗೀತು. ಇದು ಮುಗೀಲಿಲ್ಲ."

ಹೀಗೆ ಇಬ್ಬರು ಅಪ್ಪಂದಿರೂ ಸ್ವಂತ ಮಕ್ಕಳಿಂದಲೇ ಸೋತರು. ಪಂಚಾಕ್ಷರಪ್ಪನವರು ಮಗಳಿಗೆ "ಲೇ, ನಿಂಗೆ ಓದು ಕಲಿಸಿದ್ದೇ ತಪ್ಪಾತು" ಅಂದರು. ಅಪ್ಪ ಮಾತ್ರ ನನ್ನ ದ್ರೋಹವನ್ನು ಆ ಕ್ಷಣದಲ್ಲೇ ಮರೆತರು. ಅವರ ಮುಖ ನೋಡಬೇಕಿತ್ತು ನೀವು. ಇಡೀ ಸರ್ವೀಸಿನಲ್ಲಿ ಹಸಿರನ್ನು ಮೆಚ್ಚಿದ ಮೊದಲ ವಿದ್ಯಾರ್ಥಿ ಎದುರಿಗೆ ನಿಂತಿದ್ದಳು.

"ಭಾಳ ಸಂತೋಷ ಆತಮ್ಮ. ನೀನು ಓದಿದ್ದು ಓದು! ಅದ್ರಾಗೂ ಕೊನೆಗೆ ಅಣ್ಣತಮ್ಮ ಒಂದಾಗಿ, ಇಬ್ರೂ ಸೇರಿ ಗಂಟೆ ಹೊಡೀತಾರಲ್ಲ, ನಾನು ಪಾಠ ಮಾಡೋವಾಗೆಲ್ಲ ಅಲ್ಲಿ ದನಿ ಕಟ್ತಿತ್ತು ನಂಗೆ."

ಸುಜಾತ ಗೊಂದಲದಿಂದ ನೋಡಿದಳು. "ಒಂದಾಗಲ್ವಲ್ಲ ಸಾರ್?"

"ಆಗ್ತಾರಮ್ಮ."

"ಇಲ್ಲ ಸಾರ್. ತಮ್ಮ ಬರೋ ಹೊತ್ತಿಗೆ ಅಣ್ಣ ಸತ್ತಿರ್ತಾನೆ. ಅವ್ನ ಸಾವು ಸಾರಾಕೇ ಚರ್ಚಿನಾಗೆ ಗಂಟೆ ಹೊಡೀತಾರೆ. ತಮ್ಮ ದಾರೀಲಿ ನಿಂತು ಕೇಳಿಸ್ಕಂತಾನೆ."

"ಇಲ್ಲ, ಇಲ್ಲ" ಅಂದರು ಅಪ್ಪ. ನಾನೂ ಅವರ ಪರವೇ ಇದ್ದೆ. ಚಿಕ್ಕಂದಿನಿಂದ ಕೇಳಿದ ಕಥೆಯಲ್ಲಿ ಅಣ್ಣತಮ್ಮಂದಿರು ಒಂದಾಗುತ್ತಿದ್ದರು. ಅಪ್ಪ ಒರೆಸಿದ ಕನ್ನಡಕವನ್ನು ಹಾಕಿಕೊಂಡು ಪುಸ್ತಕದ ಕೊನೆ ತೆಗೆದರು. ಬೆರಳನ್ನು ಸಾಲಿನ ಕೆಳಗಿಟ್ಟು, ತುಟಿ ಅಲ್ಲಾಡಿಸುತ್ತ ಓದಿದರು. ಮತ್ತೆ ಹಿಂದಕ್ಕೆ ಹೋಗಿ ಓದಿದರು. ಗಂಗಮ್ಮನವರು ಸದ್ದಾಗದಂತೆ ನೀರಿನ ಲೋಟವನ್ನು ಅವರ ಪಕ್ಕಕ್ಕೆ ಸರಿಸಿದರು.

"ಹೌದು" ಅಂದರು ಅಪ್ಪ, ಪುಸ್ತಕ ಮುಚ್ಚಿ. "ನಾನು ಯಾವಾಗಿಂದ ಇದನ್ನ ಬದಲಾಯಿಸಿ ಹೇಳ್ತಾ ಬಂದ್ನೋ ಗೊತ್ತಿಲ್ಲ."

ಯಾವಾಗಿನಿಂದ ಅಂತ ಅವ್ವನಿಗೆ ಗೊತ್ತಿತ್ತು. ನನಗೂ ಗೊತ್ತಾಯಿತು.

"ರುದ್ರೇಶ, ಇಲ್ಲಿಂದ ಹರಿಯಬ್ಬೆ ಎಷ್ಟು ದೂರ ಐತೆ?"

ಹುಟ್ಟಿ ಬೆಳೆದ ಊರು ಎಷ್ಟು ದೂರ ಅಂತ ಕೇಳಿದ ಮನುಷ್ಯನಿಗೆ ಮಾವ ಏನು ಉತ್ತರ ಕೊಟ್ಟಾನು? ಕಾರಿನ ಕೀಲಿ ತೆಗೆದುಕೊಂಡು, "ಹತ್ರ ಐತೆ ಭಾವ, ಹೋಗಾಣ ಬರ್ರಿ" ಅಂದ. ಅಪ್ಪ, ಅವ್ವ, ನಾನು ಹೊರಟೆವು. ಪಂಚಾಕ್ಷರಪ್ಪನವರೂ ಚಪ್ಪಲಿ ಮೆಟ್ಟಿದರು. ಇದು ನಮ್ಮ ಮನೆಯ ವಿಷಯ ಅಂತ ಅವರಿಗೆ ತಿಳಿಯದೆ ಏನಿಲ್ಲ. ಆದರೆ ಅಧ್ಯಾಯದ ಕೊನೆಗೆ ಬಾಗಿಲು ಬಡಿಯುವ ಕಥೆಗಳನ್ನು ಜೀವಮಾನ ಓದಿದವರು ಹಿರಿಯೂರಿನಲ್ಲಿ ಹೇಗೆ ಕೂತಾರು? ಅವರು ಹೊರಟ ಮೇಲೆ ಗಂಗಮ್ಮನವರೂ ಸುಜಾತಳೂ ಅವರ ಕಾರಿನಲ್ಲಿ ಬಂದರು.

ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಮನೆ ಮುಂದೆ ಎರಡು ಕಾರು ನಿಂತದ್ದು ನೋಡಿ ಕಣ್ಣಿಗೆ ಕೈ ಅಡ್ಡ ಇಟ್ಟರು. ಅಪ್ಪ ಗೇಟಿನ ಹತ್ತಿರ ಹೋಗಿ ನಿಂತರು. ಮುಂದೆ ಹೋಗಲಿಲ್ಲ. ಹಿಂದಕ್ಕೆ ತಿರುಗುತ್ತಾರೇನೋ ಅಂತ ನನಗೆ ಅನ್ನಿಸಿತು. ಇಂಗ್ಲಿಷ್ ಲೆಕ್ಚರರ್ ಅಲ್ಲವೇ, ಬಾಗಿಲ ತನಕ ಬಂದು ವಾಪಸ್ ಹೋಗುವ ತಮ್ಮನನ್ನು ಬಹಳ ಓದಿಕೊಂಡಿದ್ದರು.

"ಯಾರದು?" ಅಂದರು ದೊಡ್ಡಪ್ಪ.

"ನಾನು."

"ಅದು ಕಾಣ್ತದೆ. ಬಾ, ಕುಂತ್ಕ."

ಅಪ್ಪ ಹೋಗಿ ಕೂತರು. ಕೂತವರೇ ಶೇಂಗಾ ರಾಶಿಗೆ ಕೈ ಹಾಕಿ ಸುಲಿಯತೊಡಗಿದರು. ನಾವೆಲ್ಲ ಅಪ್ಪುಗೆ, ಕಣ್ಣೀರು, ಏನಾದರೊಂದು ನೋಡಲು ಕಾದಿದ್ದೆವು. ಪಂಚಾಕ್ಷರಪ್ಪನವರಂತೂ ಕರ್ಚೀಫು ತೆಗೆದು ಹಿಡಿದಿದ್ದರು. ಅವರಿಬ್ಬರೂ ಶೇಂಗಾ ಸುಲಿದರು. ಸುಮಾರು ಹೊತ್ತಿನ ಮೇಲೆ ದೊಡ್ಡಪ್ಪ, "ಮಗನ ಮದುವಿಗೆ ಕರೆಯಾಕೆ ಬಂದ್ಯಾ?" ಅಂದರು.

ಮದುವೆ ಎಲ್ಲಿತ್ತು? ಬೆಳಗಿನಿಂದ ಆ ಮಾತನ್ನೇ ಯಾರೂ ಎತ್ತಿರಲಿಲ್ಲ. ಆದರೆ ಇಷ್ಟು ವರ್ಷ ಬರದವನು ಈಗ ಯಾಕೆ ಬಂದೆ ಅಂದರೆ, ಒಂದು ಕಾದಂಬರಿಯ ಕೊನೇ ಪುಟ ಓದಿದೆ ಅಂತ ಅಣ್ಣನಿಗೆ ಹೇಳಲಾದೀತೆ?

"ಹೂಂ" ಅಂದರು ಅಪ್ಪ.

ಪಂಚಾಕ್ಷರಪ್ಪನವರು ಕರ್ಚೀಫು ಹಿಡಿದ ಹಾಗೇ ನಿಂತರು. ದೊಡ್ಡಪ್ಪ ಸುಜಾತಳ ಕಡೆ ಗದ್ದ ಎತ್ತಿ, "ಹುಡುಗಿ ಇವಳೇನಾ?" ಎಂದು ಕೇಳಿದರು.

ಅವಳು ತನ್ನ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಹೂಂ ದೊಡ್ಡಪ್ಪಾರೆ, ನಾನೇ" ಅಂದಳು.

ನಮ್ಮ ಮದುವೆ ನಿಶ್ಚಯವಾದದ್ದು ಹೀಗೆ. ಅಲ್ಲಿಂದ ಏಳುವುದರೊಳಗೆ ಅಣ್ಣತಮ್ಮಂದಿರು ಬಾವಿಯ ದಾರಿಯ ಬಗ್ಗೆ ಒಂದು ಸುತ್ತು ಜಗಳವನ್ನೂ ಆಡಿ ಮುಗಿಸಿದ್ದರು. ಆ ಜಗಳ ಆಮೇಲೂ ನಡೆದೇ ಇತ್ತು. ಅಪ್ಪ ಜಗಳವಾಡಲೆಂದೇ ಬಸ್ಸು ಹತ್ತಿ ಹರಿಯಬ್ಬೆಗೆ ಹೋಗಿ, ಅಲ್ಲೇ ವಾರಗಟ್ಟಲೆ ಉಳಿದು ಬರುತ್ತಿದ್ದರು. ದೊಡ್ಡಪ್ಪ ಹೋದ ವರ್ಷ ತೀರಿಕೊಂಡಾಗ ಅಪ್ಪ ಅವರ ಮಂಚದ ಪಕ್ಕದಲ್ಲೇ ಇದ್ದರು. ದಾರಿ ಇವತ್ತಿಗೂ ಇತ್ಯರ್ಥವಾಗಿಲ್ಲ. ಅಳೆದುಕೊಡಲೇ ಅಂತ ಅಪ್ಪನನ್ನು ಒಮ್ಮೆ ಕೇಳಿದ್ದಕ್ಕೆ, "ನಿನ್ ಕೆಲಸ ನೀನು ನೋಡ್ಕಳಲೇ" ಅಂದರು.

ಇಷ್ಟೆಲ್ಲ ನೆನೆಯುತ್ತ ಬೀರುವಿನ ಮುಂದೆಯೇ ಕೂತುಬಿಟ್ಟಿದ್ದೆ. ಮದುವೆಯಲ್ಲಿ ಇಬ್ಬರು ಅಪ್ಪಂದಿರೂ ತಮ್ಮ ತಮ್ಮ ಪುಸ್ತಕವನ್ನು ನಮಗೇ ಮುಯ್ಯಿ ಮಾಡಿದ್ದರು. ಹಸಿರು ಪುಸ್ತಕ ಕೈಯಲ್ಲಿತ್ತು. ಕೇಳಿಸಿಕೊಂಡದ್ದು ಬಿಟ್ಟರೆ ಅದನ್ನು ನಾನು ಓದಿಯೇ ಇರಲಿಲ್ಲ. ಅವತ್ತಿನ ಒಪ್ಪಂದದ ಪ್ರಕಾರ ನನಗೆ ಬಂದದ್ದು ಕೆಂಪು ಮಾತ್ರ. ಸುಮ್ಮನೆ ಮೊದಲ ಪುಟ ತೆಗೆದೆ. ಬೇಜಾರು ಅಂದರೆ ಬೇಜಾರು, ಅಪ್ಪನ ಪಾಠಕ್ಕಿಂತ ನಿಧಾನ. ಮಣ್ಣು ಕಲಸಿದರು, ಮಳೆ ಬಂತು, ಮಳೆ ನಿಂತಿತು. ಆಮೇಲೆ ಒಂದು ಸಂಜೆ ತಮ್ಮ ಅಣ್ಣನ ಮನೆಯ ಬಾಗಿಲಿಗೆ ಬಂದು ಕೈ ಎತ್ತಿದ. ಕೊನೆಗೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕಾಲು ಮಡಚಿ, ಕಿಟಕಿಯ ಬೆಳಕಿಗೆ ತಿರುಗಿ ಕೂತೆ.

ಸುಜಾತ ಊಟಕ್ಕೆ ಕರೆದಳು. ಮತ್ತೊಂದು ಸಲ ಕರೆದಳು.

"ತಡಿ, ತಮ್ಮ ಬಾಗಿಲ ತನಕ ಬಂದಿದಾನೆ" ಅಂದೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. "ಎಷ್ಟನೇ ಸಲ?"

"ಮೊದಲನೇ ಸಲ."

"ಹಂಗಾದ್ರೆ ಬರ್ರಿ, ಊಟ ಮಾಡ್ಕಂಡೇ ಓದ್ರಿ" ಅಂದಳು. "ಅವ್ನು ಇನ್ನೂ ಭಾಳ ಸಲ ಬರ್ತಾನೆ."